ಹನ್ನೊಂದು ಹೆಜ್ಜೆ

ಭವ್ಯಾ ಯಾವ ಮನೆಗೆ ಡ್ಯೂಟಿಗೆ ಹೋದರೂ, ಹೆಗಲ ಮೇಲಿನ ಬ್ಯಾಗು ಕೆಳಗಿಡುವ ಮುಂಚೆ ಒಂದು ಮಾತು ಕೇಳುತ್ತಾಳೆ. "ನಿಮ್ಮ ಅಡುಗೆಮನೆ ಒಂಚೂರು ತೋರಿಸ್ತೀರಾ?"

ಮನೆಯವರು ತಬ್ಬಿಬ್ಬಾಗುತ್ತಾರೆ. ನರ್ಸು ಅಂತ ಬಂದವಳು ಪೇಶೆಂಟ್ ಎಲ್ಲಿ ಎಂದು ಕೇಳಬೇಕು, ಡಾಕ್ಟರ ಚೀಟಿ ಕೇಳಬೇಕು. ಇದೇನಿದು, ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ? ಕೆಲವರು ನಕ್ಕು ತೋರಿಸುತ್ತಾರೆ. ಕೆಲವರು ಮುಖ ಗಂಟಿಕ್ಕಿ, "ಅಲ್ಲಿ ನಿಂಗೇನು ಕೆಲ್ಸ?" ಎನ್ನುತ್ತಾರೆ. ಹಾಗೆಂದವರ ಮನೆಯಲ್ಲಿ ಅವಳು ನಿಲ್ಲುವುದಿಲ್ಲ. ಹೋದ ತಿಂಗಳು ಗೋಣಿಬೀಡಿನ ಒಂದು ಮನೆಯ ಜಗಲಿಯಿಂದಲೇ ತಿರುಗಿ ಬಂದು ಬಸ್ಸು ಹತ್ತಿದಳು. ಏಜೆನ್ಸಿ ನಡೆಸುವ ಸುರೇಂದ್ರ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದ. ಕೊಬ್ಬು ಅಂದ. ನಾಲ್ಕಕ್ಷರ ಕಲಿತ ಮೇಲೆ ಕೂಲಿ ಲೈನಿನ ಹುಡುಗಿಯರಿಗೆ ತಲೆ ನಿಲ್ಲುವುದಿಲ್ಲ ಅಂತಲೂ ಅಂದ.

ಕೊಬ್ಬಲ್ಲ ಮಾರಾಯರೇ. ಯಾಕೆ ಅಂತ ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ. ಯಾರನ್ನು ಅನ್ನುವುದು ಮಾತ್ರ ನಿಮಗೆ ಬಿಟ್ಟದ್ದು.

ಭವ್ಯಾ ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಹುಟ್ಟಿದವಳು. ಅಪ್ಪ ಚಿಕ್ಕಯ್ಯ ಮರಗಸಿ ಮಾಡುವವನು. ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಅವ್ವ ಅಂಜನಮ್ಮ ಹಣ್ಣು ಕೊಯ್ಲಿನ ದಿನ ತೋಟಕ್ಕೆ, ಮಿಕ್ಕ ದಿನ ಧಣಿಗಳ ಮನೆಯ ಅಂಗಳ ಗುಡಿಸಲಿಕ್ಕೆ. ಆರು ವರ್ಷದವಳಿದ್ದಾಗ ಒಂದು ದಿನ ಭವ್ಯಾ ಅವ್ವನ ಜೊತೆ ಆ ಮನೆಗೆ ಹೋಗಿದ್ದಳು. ಹಿತ್ತಿಲ ಬಾಗಿಲು ತೆರೆದಿತ್ತು. ಒಳಗಿಂದ ಕಡುಬಿನ ವಾಸನೆ ಬರುತ್ತಿತ್ತು. ಮಗು ತಾನೇ, ವಾಸನೆ ಹಿಡಿದು ಹೊಸಿಲು ದಾಟಿ ಒಳಗೆ ಹೋಗಿ ಒಲೆಯ ಮುಂದೆ ನಿಂತಿತು. ಧಣಿಗಳ ತಾಯಿ ಏನೂ ಬೈಯಲಿಲ್ಲ. ಕೊಡಪಾನದ ನೀರನ್ನೆಲ್ಲ ಹೊರಗೆ ಚೆಲ್ಲಿಸಿದರು, ಅಷ್ಟೇ. ಬೈದದ್ದು ಅವ್ವ, ಹೊಡೆದದ್ದೂ ಅವ್ವ. ಕೈಲಿದ್ದ ಹಿಡಿಸೂಡಿಯನ್ನೇ ತಿರುಗಿಸಿ ಹಿಡಿದು ಕಾಲಿಗೆ ಹೊಡೆದಳು. "ಇನ್ನೊಂದ್ಸಲ ಯಾರ ಮನೆ ಒಲೆ ಹತ್ರಾನಾದ್ರೂ ಹೋದ್ಯೋ, ಕಾಲ್ ಮುರ್ದು ಕೈಗ್ ಕೊಡ್ತೀನಿ." ಹೊಡೆದು ಮುಗಿಸಿ ಆ ಮನೆಯವರಿಗೆ ಅಡ್ಡಬಿದ್ದಳು, ಮಗಳನ್ನೂ ಅಡ್ಡಬೀಳಿಸಿದಳು. ಸಂಜೆ ಲೈನಿಗೆ ಬಂದು ಬಾಸುಂಡೆಗೆ ಎಣ್ಣೆ ಹಚ್ಚುತ್ತಾ ತಾನೂ ಅತ್ತಳು.

ಆಮೇಲೆ ಹುಡುಗಿ ಓದಿದಳು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಮೂರು ವರ್ಷ ನರ್ಸಿಂಗ್ ಮಾಡಿ ಒಳ್ಳೆಯ ಮಾರ್ಕು ತೆಗೆದಳು. ಎದೆಗೂಡು ಎಲ್ಲಿ ಒತ್ತಬೇಕು, ಉಸಿರು ಕಟ್ಟಿದವರನ್ನು ಹೇಗೆ ಮಗ್ಗುಲಿಗೆ ತಿರುಗಿಸಬೇಕು, ಸಕ್ಕರೆ ಇಳಿದರೆ ಎಷ್ಟು ನಿಮಿಷದೊಳಗೆ ಏನು ಮಾಡಬೇಕು, ಎಲ್ಲ ಬಾಯಿಪಾಠ. ಆದರೆ ಆರನೇ ವಯಸ್ಸಿನಲ್ಲಿ ಕಾಲಿಗೆ ಕಲಿಸಿದ ಪಾಠವನ್ನು ಮರೆಸುವ ಕ್ಲಾಸು ಯಾವ ಕಾಲೇಜಿನಲ್ಲಿದೆ ಹೇಳಿ?

ಪಾಸಾದ ಮೇಲೆ ಸುರೇಂದ್ರನ ಏಜೆನ್ಸಿ ಸೇರಿದಳು. ಏಜೆನ್ಸಿ ನರ್ಸಿನ ಬದುಕೆಂದರೆ ಬೇರೆಯವರ ಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಬದುಕುವುದು. ಮೊಬೈಲಿಗೆ ಒಂದು ಮೆಸೇಜು ಬರುತ್ತದೆ: ಇಂಥ ಊರು, ಇಷ್ಟು ವಯಸ್ಸು, ಇಂಥ ಕಾಯಿಲೆ. ಬ್ಯಾಗು ಎತ್ತಿಕೊಂಡು ಹೊರಡುವುದು. ರೋಗಿಯ ಕಾಯಿಲೆ ಅರ್ಥವಾಗುವ ಮುಂಚೆ ಮನೆಯ ಕಾಯಿದೆ ಅರ್ಥವಾಗಬೇಕು. ಒಂದು ಮನೆಯಲ್ಲಿ ತಟ್ಟೆ ಬೇರೆ, ಒಂದು ಮನೆಯಲ್ಲಿ ಬಚ್ಚಲು ಬೇರೆ, ಇನ್ನೊಂದು ಮನೆಯಲ್ಲಿ ನರ್ಸಮ್ಮನ ಬಟ್ಟೆ ಒಣಹಾಕುವ ತಂತಿಯೂ ಬೇರೆ. ಯಾರೂ ಜಾತಿ ಕೇಳುವುದಿಲ್ಲ. ಛೆ, ಈಗ ಯಾರು ಕೇಳುತ್ತಾರೆ! "ಯಾವೂರಮ್ಮ? ಯಾವ ಎಸ್ಟೇಟು? ಅಪ್ಪ ಏನ್ ಮಾಡ್ತಾರೆ?" ಇಷ್ಟು ಕೇಳಿದರೆ ಸಾಕಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಅವಳಿಗೆ ಸಿಕ್ಕಿದ್ದು ಕಳಸದ ಕೃಷ್ಣಯ್ಯ ಭಟ್ಟರ ಮನೆ. ಪೇಟೆಯಿಂದ ಮೇಲೆ, ಏರುದಾರಿಯ ಕೊನೆಗೆ ಒಂಟಿ ಮನೆ. ಭಟ್ಟರು ಪೌರೋಹಿತ್ಯ ಮಾಡುವವರು. ಮಗ ವಿವೇಕ ಹೈಸ್ಕೂಲು ಮೇಷ್ಟ್ರು, ಸೊಸೆ ಅಮೂಲ್ಯಾ ಮನೆಯಲ್ಲೇ. ಹಾಸಿಗೆ ಹಿಡಿದಿದ್ದವರು ಭಟ್ಟರ ಹೆಂಡತಿ ಸತ್ಯವತಿ. ಎಪ್ಪತ್ತೆರಡು ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ಕೊಂಚ ತೊದಲಿದರೂ ಬುದ್ಧಿ ಚುರುಕಾಗಿತ್ತು. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್.

ಒಳ್ಳೆಯ ಜನ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅಮೂಲ್ಯಾ ಮೊದಲ ದಿನವೇ ಭವ್ಯಾಗೆ ಹೊಸ ಹೊದಿಕೆ ಕೊಟ್ಟಳು, ಕಿಟಕಿಯ ಹತ್ತಿರ ಜಾಗ ಮಾಡಿಕೊಟ್ಟಳು. ಆಮೇಲೆ ದನಿ ತಗ್ಗಿಸಿ, ತನಗೇ ನಾಚಿಕೆಯಾದವಳ ಹಾಗೆ ಹೇಳಿದಳು: "ಬೇಜಾರ್ ಮಾಡ್ಕೋಬೇಡ ಭವ್ಯಾ. ಅಡುಗೆಮನೆ ಕಡೆ ಒಂದ್ ಬರೋದ್ ಬೇಡ. ಮಾವನವ್ರು ಮಡಿಯೋರು. ಏನ್ ಬೇಕಾದ್ರೂ ನಂಗೆ ಕೂಗು, ತಂದ್ಕೊಡ್ತೀನಿ."

"ಆಯ್ತಕ್ಕ," ಅಂದಳು ಭವ್ಯಾ. ಬೇಜಾರೇನೂ ಆಗಲಿಲ್ಲ. ಕಾಯಿದೆ ಗೊತ್ತಾದರೆ ಡ್ಯೂಟಿ ಸುಲಭ.

ಸತ್ಯವತಿಯವರ ಮಂಚ ನಡುಮನೆಯಲ್ಲಿತ್ತು. ಎದುರಿಗೇ ಅಡುಗೆಮನೆಯ ಬಾಗಿಲು. ಮಲಗಿದಲ್ಲಿಂದ ಒಲೆಯ ಕಟ್ಟೆ, ಗೋಡೆಯ ಹಲಗೆ, ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳ ಸಾಲು ಎಲ್ಲ ಕಾಣುತ್ತಿತ್ತು. ಐವತ್ತು ವರ್ಷ ಆಳಿದ ಅಡುಗೆಮನೆ, ಕಣ್ಣಿಗೆ ಬೀಳುತ್ತಿರಲಿ ಅಂತ ಅವರೇ ಮಂಚವನ್ನು ಅಲ್ಲಿ ಹಾಕಿಸಿಕೊಂಡಿದ್ದರು. ಸೊಸೆ ಒಗ್ಗರಣೆಗೆ ಇಂಗು ಮರೆತರೆ ಮಂಚದಿಂದಲೇ ಕೂಗು ಹೋಗುತ್ತಿತ್ತು.

ಭವ್ಯಾ ತನ್ನ ಬ್ಯಾಗಿನಲ್ಲಿ ಸದಾ ಗ್ಲೂಕೋಸ್ ಪುಡಿ ಇಟ್ಟುಕೊಳ್ಳುತ್ತಿದ್ದಳು. ಬಂದ ದಿನವೇ ಅದನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಎರಡೇ ದಿನಕ್ಕೆ ಕೆಂಜಿಗ ಹತ್ತಿ, ಹಾಸಿಗೆಯ ತುಂಬ ಹರಿದು, ಅಜ್ಜಿಯ ಸ್ವಾಧೀನವಿಲ್ಲದ ಕೈಯನ್ನು ಕಚ್ಚಿ ಕೆಂಪು ಮಾಡಿಬಿಟ್ಟವು. ಅಮೂಲ್ಯಾ ಆ ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದು ಒಳಗೆ ಹಲಗೆಯ ಮೇಲಿಟ್ಟಳು. ಎಡಗಡೆಯಿಂದ ಮೂರನೆಯ ಡಬ್ಬಿ, ಸಕ್ಕರೆ ಡಬ್ಬಿಯ ಪಕ್ಕ.

"ಅಕ್ಕ, ಅದು ಇಲ್ಲೇ ಕೈಗೆ ಸಿಗೋ ಹಾಗಿದ್ರೆ ಒಳ್ಳೇದಿತ್ತು," ಅಂದಳು ಭವ್ಯಾ.

"ಇರುವೆ ಮಾರಾಯ್ತಿ! ಅವರ ಕೈ ನೋಡಿದ್ಯಲ್ಲ. ನಾನೆಲ್ಲಿಗ್ ಹೋಗ್ತೀನಿ, ಮನೇಲೇ ಇರ್ತೀನಲ್ಲ."

ಅದೂ ನಿಜವೇ. ಈಗ ಯೋಚಿಸಿದರೆ ಅಲ್ಲೇ ಹಟ ಹಿಡಿಯಬೇಕಿತ್ತು ಅನಿಸುತ್ತದೆ ಅವಳಿಗೆ. ಒಂದು ಬಟ್ಟಲಿಗೆ ನೀರು ಹಾಕಿ ಅದರ ನಡುವೆ ಡಬ್ಬಿ ಇಟ್ಟಿದ್ದರೆ ಇರುವೆಯಪ್ಪನೂ ಬರುತ್ತಿರಲಿಲ್ಲ. ಆವಾಗ ಹೊಳೆಯಲಿಲ್ಲ.

ಸತ್ಯವತಿಯವರಿಗೆ ಹುಡುಗಿ ಹಿಡಿಸಿಬಿಟ್ಟಳು. ತಲೆ ಬಾಚುವಾಗ, ಬೆನ್ನಿಗೆ ಪೌಡರು ಹಾಕುವಾಗ ಏನಾದರೊಂದು ತಮಾಷೆ. "ನಿನ್ ಕೈ ಹದ ಚೆನ್ನಾಗಿದ್ಯೇ ಹುಡುಗಿ. ನನ್ನ ಸೊಸೆ ತಲೆ ಬಾಚೋದಂದ್ರೆ ತೆಂಗಿನಕಾಯಿ ಸುಲ್ದ ಹಾಗೆ." ಅಮೂಲ್ಯಾ ಒಳಗಿಂದಲೇ, "ನಂಗೆ ಕೇಳಿಸ್ತು ಅತ್ತೇ," ಎನ್ನುತ್ತಿದ್ದಳು. ಮೂವರೂ ನಗುತ್ತಿದ್ದರು.

ಏಪ್ರಿಲಿನ ಒಂದು ಮಧ್ಯಾಹ್ನ ಅಮೂಲ್ಯಾ ಕೆಳಗೆ ಪೇಟೆಗೆ ಹೋಗಿದ್ದಳು. ಸತ್ಯವತಿ ಎಡಗೈಯಲ್ಲಿ ಭವ್ಯಾಳ ಸೆರಗಿನ ತುದಿ ಹಿಡಿದು ಎಳೆದರು.

"ಏ ಹುಡುಗಿ. ಒಂದು ಚೂರು ಬೆಲ್ಲ ತಂದ್ಕೊಡೇ. ಬಾಯೆಲ್ಲ ಕಹಿ."

"ಶುಗರ್ ಏರುತ್ತೆ ಅಮ್ಮಾವ್ರೇ."

"ಚೂರಂದ್ರೆ ಚೂರು. ಹೋಗು, ಒಳಗೆ ಬಲಗಡೆ ಭರಣೀಲಿದೆ."

"ಅಕ್ಕ ಬರ್ಲಿ, ಕೇಳೋಣ."

"ಅವಳನ್ನೇನ್ ಕೇಳೋದು?" ಸತ್ಯವತಿಗೆ ರೇಗಿತು. "ಅದು ನನ್ನ ಅಡುಗೆಮನೆ. ನಾನು ಹೇಳ್ತಿದ್ದೀನಿ, ಹೋಗು. ನನ್ನ ಉಚ್ಚೆ ಬಳಿಯೋಳು ನೀನು, ನೀನು ಮುಟ್ಟಿದ್ರೆ ನನ್ನ ಬೆಲ್ಲಕ್ಕೇನ್ ಆಗತ್ತೆ?"

ಭವ್ಯಾ ನಕ್ಕು ಮಾತು ಮರೆಸಿದಳು. ಎದ್ದು ಹೋಗಲಿಲ್ಲ. ಆ ಹೊತ್ತಿಗೆ ಅವಳಿಗೆ ಅದು ಬೆಲ್ಲದ ಮಾತಾಗಿತ್ತು ಅಷ್ಟೇ.

ಅದಾಗಿ ಎಂಟನೇ ದಿನ ಭಟ್ಟರ ತಮ್ಮನ ಮೊಮ್ಮಗನ ಉಪನಯನ, ಬಾಳೆಹೊಳೆಯ ಹತ್ತಿರ. ಭಟ್ಟರೇ ಹಿರಿಯರು, ಹೋಗದಿದ್ದರಾಗುವುದಿಲ್ಲ. ಅಮೂಲ್ಯಾ ಬೆಳಿಗ್ಗೆಯೇ ಎದ್ದು ಇಡ್ಲಿ ಮಾಡಿ, ಅನ್ನ ಸಾರು ಮಜ್ಜಿಗೆಯನ್ನು ಕ್ಯಾರಿಯರಿನಲ್ಲಿ ತುಂಬಿ ನಡುಮನೆಯ ಮೇಜಿನ ಮೇಲಿಟ್ಟಳು. ಭವ್ಯಾಗೆ ಫ್ಲಾಸ್ಕಿನಲ್ಲಿ ಕಾಫಿ. "ಮಧ್ಯಾಹ್ನ ಎರಡು ಗಂಟೆಯೊಳಗೆ ಬಂದ್ಬಿಡ್ತೀವಿ. ಏನಾದ್ರೂ ಇದ್ರೆ ಫೋನ್ ಮಾಡು," ಎಂದು ಹೇಳಿ ಮೂವರೂ ಎಂಟೂವರೆಗೆ ಕಾರು ಹತ್ತಿದರು.

ಎಂಟಕ್ಕೆ ಇನ್ಸುಲಿನ್ ಕೊಟ್ಟಾಗಿತ್ತು. ಸತ್ಯವತಿ ಎರಡು ಇಡ್ಲಿ ತಿಂದಿದ್ದರು. ಒಂಬತ್ತರ ಹೊತ್ತಿಗೆ ತಿಂದದ್ದೆಲ್ಲ ವಾಂತಿಯಾಯಿತು. ಭವ್ಯಾ ಬಾಯಿ ತೊಳೆಸಿ, ಸೀರೆ ಬದಲಾಯಿಸಿ, ಒಂದೆರಡು ತುತ್ತು ಮಜ್ಜಿಗೆ ಅನ್ನ ತಿನ್ನಿಸಲು ನೋಡಿದಳು. ಬೇಡವೆಂದು ಮುಖ ತಿರುಗಿಸಿದರು. ಸಕ್ಕರೆ ಚೆಕ್ ಮಾಡಿದಳು, ತೊಂಬತ್ತೆಂಟಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿನ್ನಿಸೋಣ ಎಂದುಕೊಂಡು, ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದಳು. ಆ ಕಾಫಿಯಲ್ಲಿ ಸಕ್ಕರೆ ಇತ್ತು. ಇವತ್ತಿಗೂ ಕಾಫಿ ಕುಡಿಯುವಾಗ ಅವಳಿಗೆ ಅದು ನೆನಪಾಗುತ್ತದೆ.

ಹನ್ನೊಂದು ಕಾಲಿಗೆ ಸತ್ಯವತಿಯವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಕೈ ತಣ್ಣಗೆ. "ಅಮ್ಮಾವ್ರೇ," ಎಂದರೆ ಕಣ್ಣು ತೆರೆದು ಯಾರನ್ನೋ ನೋಡುವ ಹಾಗೆ ನೋಡಿದರು. ಬೆರಳು ಚುಚ್ಚಿ ನೋಡಿದಳು. ನಲವತ್ತೊಂದು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಅಲ್ಲ ಸ್ವಾಮಿ, ಚೆನ್ನಾಗಿ ಗೊತ್ತಿತ್ತು. ಎಚ್ಚರವಿದ್ದಾರೆ, ನುಂಗುತ್ತಾರೆ. ಮೂರು ಚಮಚ ಗ್ಲೂಕೋಸು, ಅರ್ಧ ಲೋಟ ನೀರು. ಹತ್ತು ನಿಮಿಷದಲ್ಲಿ ಎದ್ದು ಕೂತು ಸೊಸೆಯನ್ನು ಬೈಯುತ್ತಾರೆ.

ಭವ್ಯಾ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. ಹಲಗೆ ಕಾಣುತ್ತಿತ್ತು. ಎಡಗಡೆಯಿಂದ ಮೂರನೆಯ ಡಬ್ಬಿ ಕಾಣುತ್ತಿತ್ತು. ಕಾಲ್ಬೆರಳ ತುದಿ ಹೊಸಿಲಿಗೆ ತಾಗಿತು, ಅಲ್ಲಿಗೆ ಕಾಲು ನಿಂತಿತು. ಒಳಗೆ ಯಾರೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ಒಲೆಯ ಕಟ್ಟೆ ತೊಳೆದು, ಮೇಲೆ ರಂಗೋಲಿಯ ಎರಡು ಗೆರೆ ಎಳೆದಿತ್ತು.

ಅವಳು ಫೋನು ತೆಗೆದು ಅಮೂಲ್ಯಾಗೆ ಮಾಡಿದಳು. ಯಾಕೆ? ಒಳಗೆ ಹೋಗಲಾ ಎಂದು ಕೇಳಲಿಕ್ಕೆ. ಇನ್ನೊಂದು ಜೀವ ಹಿಂದೆ ಮಂಚದ ಮೇಲೆ ಬೆವರುತ್ತಿದೆ, ಇವಳು ಅಪ್ಪಣೆ ಕೇಳಲು ಫೋನು ಒತ್ತುತ್ತಿದ್ದಾಳೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೇ ಸಲವೂ ಎತ್ತಲಿಲ್ಲ. ವಿವೇಕನ ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ನೂರೆಂಟಕ್ಕೆ ಮಾಡಿದಳು, ಗಾಡಿ ಬೇರೆ ಕಡೆ ಹೋಗಿದೆ, ಮುಕ್ಕಾಲು ಗಂಟೆಯಾಗುತ್ತದೆ ಅಂದರು.

ಆಮೇಲೆ ಅವಳು ಮಾಡಿದ್ದನ್ನು ಹೇಳಲು ನನಗೇ ಹೊಟ್ಟೆ ಉರಿಯುತ್ತದೆ. ಸತ್ಯವತಿಯವರನ್ನು ಎಡಮಗ್ಗುಲಿಗೆ ತಿರುಗಿಸಿ, ಬೀಳದ ಹಾಗೆ ದಿಂಬು ಒತ್ತಿ, ಬಾಗಿಲು ತೆರೆದುಕೊಂಡು ಹೊರಗೆ ಓಡಿದಳು. ಕೆಳಗಿನ ತಿರುವಿನಲ್ಲಿ ಲಿಂಗಪ್ಪನ ಅಂಗಡಿ ಇತ್ತು. ಸಕ್ಕರೆ ತರಲು ಓಡಿದಳು! ಹಿಂದೆ ಹಲಗೆಯ ಮೇಲೆ ಡಬ್ಬಿ ತುಂಬ ಸಕ್ಕರೆ, ಅದರ ಪಕ್ಕ ಡಬ್ಬಿ ತುಂಬ ಗ್ಲೂಕೋಸು.

ಚಪ್ಪಲಿಯೂ ಇಲ್ಲದೆ ಏದುಸಿರು ಬಿಡುತ್ತಾ ಬಂದವಳನ್ನು ಕಂಡು ಲಿಂಗಪ್ಪ ಕನ್ನಡಕ ಸರಿಮಾಡಿಕೊಂಡ.

"ಏನ್ ನರ್ಸಮ್ಮ?"

"ಸಕ್ಕರೆ. ಬೇಗ ಕೊಡಿ, ಬೇಗ."

"ಭಟ್ರ ಮನೇಲಿ ಸಕ್ಕರೆ ಇಲ್ವಾ?"

ಭವ್ಯಾ ಒಂದು ಕ್ಷಣ ಅವನ ಮುಖ ನೋಡಿದಳು. "ಇಲ್ಲ," ಅಂದಳು. "ಜೀಪ್ ಯಾವ್ದಾದ್ರೂ ಸಿಕ್ಕಿದ್ರೆ ಮೇಲಕ್ಕೆ ಕಳ್ಸಿ ಅಣ್ಣ, ಅಮ್ಮಾವ್ರಿಗೆ ಹುಷಾರಿಲ್ಲ."

ಇಳಿಯುವಾಗ ಓಡಬಹುದು. ಏರುವಾಗ ಎಷ್ಟೆಂದು ಓಡುತ್ತೀರಿ? ಎದೆ ಹಿಡಿದುಕೊಂಡು, ನಡುನಡುವೆ ನಿಂತು, ಮತ್ತೆ ಓಡಿ ಅವಳು ಮನೆ ಮುಟ್ಟುವಾಗ ಹನ್ನೊಂದು ಮುಕ್ಕಾಲಾಗಿತ್ತು. ಸತ್ಯವತಿಗೆ ಫಿಟ್ಸ್ ಬಂದಿತ್ತು. ದಿಂಬು ನೆಲದ ಮೇಲೆ ಬಿದ್ದಿತ್ತು, ಅವರು ಅಂಗಾತವಾಗಿದ್ದರು. ಮತ್ತೆ ವಾಂತಿಯಾಗಿ ಗಂಟಲಿಗೆ ಸಿಕ್ಕಿ ಮುಖ ನೀಲಿಗೆ ತಿರುಗಿತ್ತು. ಹಲ್ಲು ಕಚ್ಚಿಕೊಂಡಿತ್ತು. ಭವ್ಯಾ ಮಗ್ಗುಲಿಗೆ ಹೊರಳಿಸಿ ಬಾಯಿ ಚೊಕ್ಕಟ ಮಾಡಿದಳು. ಪೊಟ್ಟಣ ಹರಿದು ಸಕ್ಕರೆಯನ್ನು ವಸಡಿಗೆ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. "ಅಮ್ಮಾವ್ರೇ, ನುಂಗಿ. ನಿಮ್ ದಮ್ಮಯ್ಯ, ಒಂಚೂರು ನುಂಗಿ." ಸಕ್ಕರೆ ಕರಗಿ ಕಟವಾಯಿಯಿಂದ ಹಾಗೇ ಹೊರಗೆ ಬಂತು.

ಲಿಂಗಪ್ಪ ಕಳಿಸಿದ ಜೀಪಿನಲ್ಲಿ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ನರಕ್ಕೆ ಗ್ಲೂಕೋಸು ಹಾಕುತ್ತಾ ಕೇಳಿದರು, "ಮನೇಲಿ ಸಕ್ಕರೆ ಇರ್ಲಿಲ್ವೇನ್ರೀ?" ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಶ್ವಾಸಕೋಶಕ್ಕೆ ವಾಂತಿ ಇಳಿದಿತ್ತು. ಸತ್ಯವತಿ ಮತ್ತೆ ಕಣ್ಣು ಬಿಡಲಿಲ್ಲ, ಆರನೇ ದಿನ ತೀರಿಕೊಂಡರು.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಮೂಲ್ಯಾ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ವಿವೇಕ, "ನಿನ್ನ ತಪ್ಪೇನೂ ಇಲ್ಲ ಭವ್ಯಾ. ನಿನ್ ಕೈಲಾಗಿದ್ದು ಮಾಡಿದೀಯ," ಅಂದ. ಸ್ಟೂಲಿನ ಮೇಲೆ ಲಿಂಗಪ್ಪನ ಅಂಗಡಿಯ ಹರಿದ ಪೊಟ್ಟಣ ಬಿದ್ದಿದ್ದನ್ನು ಮನೆಯವರೆಲ್ಲ ನೋಡಿದ್ದರು. ಅಂಗಡಿಗೆ ಯಾಕೆ ಹೋದೆ, ಒಳಗೆ ಯಾಕೆ ಹೋಗಲಿಲ್ಲ ಎಂದು ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ಕೇಳಿದರೆ ಉತ್ತರ ಅವರ ಮನೆಯೊಳಕ್ಕೇ ಬರುತ್ತಿತ್ತು.

ಭವ್ಯಾ ಲೈನಿಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ಹೇಳಿದಳು. ಅಂಜನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ಕೊನೆಗೆ ಮೆಲ್ಲಗೆ, "ಒಳಗೊಂದು ಹೋಗ್ಲಿಲ್ಲ ತಾನೇ?" ಅಂದಳು.

"ಇಲ್ಲವ್ವ."

"ಸದ್ಯ," ಎಂದು ಅವ್ವ ಉಸಿರು ಬಿಟ್ಟಳು. "ಹೋಗಿದ್ರೆ ನೀನು ಮೈಲಿಗೆ ಮಾಡಿದ್ದಕ್ಕೇ ಆಯಮ್ಮ ಸತ್ತಿದ್ದು ಅಂತಿದ್ರು."

ಭವ್ಯಾಗೆ ಅವ್ವನ ಮೇಲೆ ಸಿಟ್ಟು ಬಂತು, ಕೂಗಾಡಬೇಕೆನಿಸಿತು. ಅವ್ವನ ಒಡೆದ ಅಂಗಾಲು ನೋಡಿ ಸುಮ್ಮನೆ ಎದ್ದು ಹೊರಗೆ ಹೋದಳು.

ಏಜೆನ್ಸಿಯಲ್ಲಿ ಒಂದು ಪದ್ಧತಿ. ಪ್ರತಿ ನರ್ಸಿಗೂ ಒಂದು ಡ್ಯೂಟಿ ಪುಸ್ತಕ. ಮನೆ ಬಿಡುವಾಗ ಮನೆಯ ಯಜಮಾನರು ಅದರಲ್ಲಿ ನಾಲ್ಕು ಸಾಲು ಷರಾ ಬರೆದು ಸಹಿ ಹಾಕಬೇಕು. ಮುಂದಿನ ಮನೆಯವರು ಆ ಷರಾ ಓದಿಯೇ ಒಪ್ಪುವುದು, ಬಿಡುವುದು. ಸತ್ಯವತಿಯವರ ಹದಿಮೂರನೆಯ ದಿನ ಕಳೆದ ಮೇಲೆ ಭವ್ಯಾ ಪುಸ್ತಕ ಹಿಡಿದುಕೊಂಡು ಕಳಸಕ್ಕೆ ಹೋದಳು. ಬೆಳಗಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಭಟ್ಟರು ನಿಜ ಬರೆಯಲಿ. ಈ ಹುಡುಗಿ ಹೆದರಿ ನಿಂತಳು, ಇವಳಿಂದ ನನ್ನ ಹೆಂಡತಿ ಹೋದಳು ಎಂದು ಬರೆಯಲಿ. ಯಾರಾದರೂ ಒಬ್ಬರು ಅದನ್ನು ಬಾಯಿಬಿಟ್ಟು ಹೇಳದಿದ್ದರೆ ತನಗೆ ಇನ್ನು ಇಂಜೆಕ್ಷನ್ ಹಿಡಿಯಲು ಕೈ ಬರುವುದಿಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಕೃಷ್ಣಯ್ಯ ಭಟ್ಟರು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಮಂಚ ಇನ್ನೂ ಅಲ್ಲೇ ಇತ್ತು, ಹಾಸಿಗೆ ಇರಲಿಲ್ಲ. ಅವರು ಪುಸ್ತಕ ತೆಗೆದುಕೊಂಡು ನಿಧಾನವಾಗಿ ಬರೆದರು, ಸಹಿ ಹಾಕಿದರು. ತಮ್ಮ ದುಂಡು ಅಕ್ಷರವನ್ನು ಒಮ್ಮೆ ತಾವೇ ಓದಿಕೊಂಡು ಅವಳತ್ತ ಚಾಚಿದರು.

"ಸುರೇಂದ್ರಂಗೂ ಫೋನ್ ಮಾಡಿ ಹೇಳಿದೀನಮ್ಮ. ಈಗಿನ ಕಾಲ್ದಲ್ಲಿ ನಿನ್ನಂಥೋರು ಸಿಗೋದಿಲ್ಲ. ಅಂಥ ಹೊತ್ತಲ್ಲೂ ನೀನು ಮನೆ ರೀತಿ ಕೆಡಿಸ್ಲಿಲ್ಲ. ಸಂಸ್ಕಾರ ಇರೋಳು ನೀನು."

ಭವ್ಯಾ ಓದಿದಳು. 'ಸೇವೆ ಉತ್ತಮ. ಮಡಿ ಮೈಲಿಗೆ ಅರಿತು ನಡೆಯುವ ಹುಡುಗಿ. ಎಂಥ ಸಂದರ್ಭದಲ್ಲೂ ಅಡುಗೆಮನೆ ಪ್ರವೇಶಿಸುವುದಿಲ್ಲ. ಯಾವ ಮನೆಯವರೂ ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು.'

"ಅಯ್ಯಾ, ಇದನ್ನ ಹೊಡೆದ್ಹಾಕಿ," ಅಂದಳು.

"ಯಾಕಮ್ಮ? ಒಳ್ಳೇದೇ ಬರ್ದಿದೀನಲ್ಲ."

"ಇದನ್ನ ಓದಿ ಇನ್ನೊಬ್ರು ನನ್ನ ಕರೀತಾರೆ. ಆ ಮನೇಲೂ ಒಬ್ರು ಮಲಗಿರ್ತಾರೆ."

ಭಟ್ಟರು ಅವಳನ್ನೇ ನೋಡಿದರು. ಅರ್ಥವಾಗಲಿಲ್ಲವೋ, ಅರ್ಥವಾಗುವುದು ಬೇಡವಾಗಿತ್ತೋ. ಭವ್ಯಾ ಪುಸ್ತಕವನ್ನು ಬರಿಯ ಮಂಚದ ಮೇಲಿಟ್ಟಳು. ಮಂಚಕ್ಕೆ ಬೆನ್ನು ಕೊಟ್ಟು ನಿಂತು ನಡೆಯತೊಡಗಿದಳು. ಬಾಯಲ್ಲಿ ಎಣಿಸುತ್ತಾ ನಡೆದಳು. ಒಂದು, ಎರಡು, ಮೂರು. ಆರಕ್ಕೆ ಹೊಸಿಲು ಬಂತು. ಬಾಸುಂಡೆಯ ಜಾಗ ಈಗಷ್ಟೇ ಹೊಡೆದ ಹಾಗೆ ಚುರುಗುಟ್ಟಿತು. ಏಳು. ಒಳಗೆ ಕಾಲಿಟ್ಟಳು.

"ಏಯ್, ಏಯ್! ಭವ್ಯಾ!" ಒಲೆಯ ಮುಂದಿದ್ದ ಅಮೂಲ್ಯಾ ಕೂಗಿಬಿಟ್ಟಳು. ಕೂಗಿದ್ದೇ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು.

ಹತ್ತು. ಹನ್ನೊಂದು. ಭವ್ಯಾ ಕೈ ಎತ್ತಿ ಎಡಗಡೆಯಿಂದ ಮೂರನೆಯ ಡಬ್ಬಿ ತೆಗೆದುಕೊಂಡಳು. ವಾಪಸ್ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಮುಚ್ಚಳ ತೆಗೆದಳು. ಗ್ಲೂಕೋಸು ಹಾಗೇ ತುಂಬಿತ್ತು.

"ಹನ್ನೊಂದು ಹೆಜ್ಜೆ ಅಯ್ಯಾ," ಅಂದಳು. ಈಗ ಅವಳಿಗೆ ಅಳು ತಡೆಯಲಾಗಲಿಲ್ಲ. "ಇಷ್ಟೇ ದೂರ. ನಂಗೆ ಅಲ್ಲಿಂದ ಕಾಣ್ತಾ ಇತ್ತು. ಕಾಣ್ತಾ ಇದ್ರೂ ನಾನು ಅಂಗಡಿಗೆ ಹೋದೆ. ಲಿಂಗಪ್ಪಣ್ಣ ಭಟ್ರ ಮನೇಲಿ ಸಕ್ಕರೆ ಇಲ್ವಾ ಅಂದ್ರು, ಇಲ್ಲ ಅಂದೆ."

ಭಟ್ಟರು ಡಬ್ಬಿಯನ್ನು ನೋಡುತ್ತಿದ್ದರು. ಆಮೇಲೆ, "ಅವಳಿಗೆ ಎಚ್ಚರ ಇತ್ತಾ ಆಗ?" ಎಂದು ಕೇಳಿದರು.

"ಇತ್ತು. ನನ್ನ ನೋಡ್ತಿದ್ರು. ಅದರ ಹಿಂದಿನ ವಾರವೇ ಹೇಳಿದ್ರು ಅಯ್ಯಾ, ಅದು ನನ್ನ ಅಡುಗೆಮನೆ, ಒಳಗೆ ಹೋಗು ಅಂತ. ನಾನೇ ಹೋಗ್ಲಿಲ್ಲ."

ಭಟ್ಟರು ಪೆನ್ನು ಎತ್ತಿಕೊಂಡರು. ಮೊನೆಯನ್ನು ಕಾಗದಕ್ಕೆ ತಾಗಿಸಿದರು, ಗೆರೆ ಎಳೆಯಲಾಗಲಿಲ್ಲ. ಪೆನ್ನನ್ನು ಅವಳ ಮುಂದೆ ಹಿಡಿದು, ಮೊದಲ ಸಲ ಅವಳ ಬೆರಳಿಗೆ ತಮ್ಮ ಬೆರಳು ತಾಗುವುದನ್ನೂ ಲೆಕ್ಕಿಸದೆ, "ನೀನೇ ಹೊಡಿಯಮ್ಮ," ಅಂದರು. ಭವ್ಯಾ ನಾಲ್ಕು ಸಾಲಿನ ಮೇಲೂ ಅಡ್ಡಗೆರೆ ಎಳೆದಳು. ಕಾಗದ ಹರಿಯುವ ಹಾಗೆ ಒತ್ತಿ ಎಳೆದಳು.

ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು ಜಗಲಿಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಳು. ಒಳಗಿನಿಂದ ಸದ್ದು ಕೇಳಿಸಿತು. ತಿರುಗಿ ನೋಡಿದಳು. ನಡುಮನೆಯ ಆಚೆ, ತೆರೆದ ಬಾಗಿಲಿನೊಳಗೆ ಅಮೂಲ್ಯಾ ಕಾಣುತ್ತಿದ್ದಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಳುತ್ತಲೇ ಬಿಂದಿಗೆಯಿಂದ ನೀರು ಸುರಿದು, ಭವ್ಯಾ ನಡೆದ ಜಾಗವನ್ನು ಹೊಸಿಲಿನಿಂದ ಹಲಗೆಯವರೆಗೆ ತೊಳೆಯುತ್ತಿದ್ದಳು.